ಗೆಳತಿಯ ಜೊತೆ ನಿಂತಿದ್ದು: ನನ್ನ ಅನುಭವ

ಏಪ್ರಿಲ್ ಬಿಸಿಲಲ್ಲಿ ಗೆಳತಿ ನನ್ನ ಹೊಲಿಗೆ ಅಂಗಡಿಗೆ ಬಂದು "ರವಿಕೆ ತೋಳು ಮೊಣಕೈ ದಾಟಲಿ ಅಕ್ಕ" ಅಂದಳು. ಅಳತೆ ತೆಗೆಯುವಾಗ ನೋಡಿದೆ. ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು, ಹಸಿರುಗಟ್ಟಿತ್ತು.

ಮೊದಮೊದಲು ನಾನು ಮಾಡಿದ್ದೆಲ್ಲ ತಪ್ಪು. ಸಿಟ್ಟಲ್ಲಿ ಅವಳ ಗಂಡನಿಗೇ ಹೋಗಿ ಬೈದೆ. ಆ ರಾತ್ರಿ ಅವಳ ಫೋನ್ ಒಡೆದು ಹಾಕಿದ. ಎರಡು ತಿಂಗಳು ಅವಳು ಅಂಗಡಿ ಕಡೆ ತಲೆ ಹಾಕಲಿಲ್ಲ. ಆಮೇಲೆ ತವರಿಗೆ ಕರೆದುಕೊಂಡು ಹೋದೆ. ಹಿರಿಯರು ರಾಜಿ ಮಾಡಿಸಿ ನಾಲ್ಕೇ ದಿನಕ್ಕೆ ವಾಪಸ್ ಕಳಿಸಿದರು. "ಬಿಟ್ಟು ಬಾ" ಅಂತ ಒತ್ತಾಯ ಮಾಡುವುದನ್ನು ನಿಲ್ಲಿಸಿದ ಮೇಲೇ ಅವಳು ನನ್ನ ಹತ್ತಿರ ಬಾಯಿ ಬಿಟ್ಟಿದ್ದು.

ಹೆಮ್ಮಿಂಗ್ ಮಾಡುವ, ಹುಕ್ಸ್ ಹಾಕುವ ಕೆಲಸ ಕೊಟ್ಟೆ. ಕೂಲಿಯಲ್ಲಿ ಅರ್ಧ ಮನೆಗೆ, ಅರ್ಧ ನನ್ನ ಹತ್ತಿರ. ಮೊದಲು ಅಕ್ಕಿ ಡಬ್ಬದಲ್ಲಿಟ್ಟ ಎಂಟುನೂರು ಅತ್ತೆ ಕೈಗೆ ಸಿಕ್ಕಿತ್ತು. ಎಂಟು ತಿಂಗಳಲ್ಲಿ ಹನ್ನೊಂದು ಸಾವಿರದ ಹತ್ತಿರ ಆಯಿತು. ಬರುವಾಗೆಲ್ಲ ಒಂದೊಂದೇ ಕಾಗದ ತಂದಳು. ಆಧಾರ್, ಮಕ್ಕಳ ಜನನ ಪತ್ರ, ಮದುವೆ ಫೋಟೊ. ಎಲ್ಲಿಟ್ಟಿದ್ದೆ ಅಂತ ಬರೆಯುವುದಿಲ್ಲ. ಹೊಡೆದ ದಿನಗಳನ್ನು ನನ್ನ ಅಳತೆ ಪುಸ್ತಕದಲ್ಲಿ ಅವಳ ಪುಟದಲ್ಲೇ ಬರೆದೆ, ಎದೆ ಸುತ್ತಳತೆಯ ಕೆಳಗೆ. ವಾಟ್ಸಾಪಲ್ಲಿ ಗುಟ್ಟಿನ ಮಾತು ಇಟ್ಟುಕೊಂಡು ನೋಡಿದೆವು, ಅವನು ಫೋನ್ ತೆಗೆದು ಓದುತ್ತಿದ್ದ. ಪಕ್ಕದ ಮನೆ ಹುಡುಗಿ ಕೈಲಿ ಬಟ್ಟೆ ತುಂಡು ಕಳಿಸುವುದೇ ಕೆಲಸಕ್ಕೆ ಬಂತು. ಯಾವ ಬಣ್ಣಕ್ಕೆ ಏನರ್ಥ ಅನ್ನುವುದು ನಮ್ಮಿಬ್ಬರಲ್ಲೇ ಇರಲಿ.

ಬಟ್ಟೆ ಬಂದ ದಿನ ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ ಮಾಡಿಸಿದೆವು, ಅಂದರೆ ಗಾಯಗಳನ್ನು ಪೊಲೀಸ್ ಕೇಸಿಗಾಗುವಂತೆ ವೈದ್ಯರು ದಾಖಲಿಸುವುದು. ಠಾಣೆಯಲ್ಲಿ "ಗಂಡ ಹೆಂಡಿರ ಜಗಳ, ಮನೆಗೆ ಹೋಗಮ್ಮ" ಅಂದರು. ಅಲ್ಲಿಂದಲೇ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದೆ. ಕೊನೆಗೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಸಂರಕ್ಷಣಾಧಿಕಾರಿ ಡಿಐಆರ್, ಅಂದರೆ ಮನೆಯಲ್ಲಿ ನಡೆದ ದೌರ್ಜನ್ಯದ ವರದಿ, ಬರೆದುಕೊಂಡರು. ಅಳತೆ ಪುಸ್ತಕ ಅಲ್ಲಿ ತುಂಬಾ ಉಪಯೋಗಕ್ಕೆ ಬಂತು.

ಒಬ್ಬ ವಕೀಲರು ಹದಿನೈದು ಸಾವಿರ ಕೇಳಿದ್ದರು. ಕಾನೂನು ಸೇವಾ ಪ್ರಾಧಿಕಾರದಲ್ಲಿ ಪುಕ್ಕಟೆ ವಕೀಲರು ಸಿಕ್ಕರು, ಹೆಂಗಸರಿಗೆ ಆದಾಯ ಎಷ್ಟಿದ್ದರೂ ಕೊಡುತ್ತಾರೆ. ಮನೆ ಅತ್ತೆ ಹೆಸರಲ್ಲಿದೆ, ಏನೂ ಸಿಗುವುದಿಲ್ಲ ಅಂತ ಬೀದಿಯವರೆಲ್ಲ ಹೇಳಿದ್ದರು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ಮನೆ ಯಾರ ಹೆಸರಲ್ಲಿದ್ದರೂ ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕಿದೆ. ಅವಳಿಗೆ ಆ ಮನೆ ಬೇಡವಾಗಿತ್ತು, ಬದಲಿಗೆ ಬಾಡಿಗೆ ಕೇಳಿದೆವು. ಮೊದಲ ವಿಚಾರಣೆಯಿಂದ 60 ದಿನದಲ್ಲಿ ಅರ್ಜಿ ಮುಗಿಸಲು ಕೋರ್ಟು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನಮಗೆ ಮಧ್ಯಂತರ ಆದೇಶಕ್ಕೇ ಐದು ತಿಂಗಳು ಹಿಡಿಯಿತು. ಬಾಡಿಗೆ, ಖರ್ಚು ಸೇರಿ ತಿಂಗಳಿಗೆ ಆರು ಸಾವಿರ.

ಕೇಸು ಇನ್ನೂ ನಡೀತಿದೆ. ವಾಯಿದೆ ಇದ್ದ ದಿನ ಅಂಗಡಿ ಮುಚ್ಚಿ ನಾನೂ ಹೋಗುತ್ತೇನೆ. ಕೋರ್ಟಿನ ಬೆಂಚಿನ ಮೇಲೆ ಅವಳ ಪಕ್ಕ ಕೂತು ಹುಕ್ಸ್ ಹಾಕುತ್ತೇನೆ.