ಹಳೇ ಚೌಕಾಬಾರ ಬಿಚ್ಚಿ, ಹೊಸ ಆಟ ಕಟ್ಟಿ

ಗೇಮ್ ಡಿಸೈನ್ ಕಲಿಯಬೇಕು ಅಂದ ಕೂಡಲೇ ಹೆಚ್ಚಿನವರು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಆಟ ಕಟ್ಟುವ ಸಾಫ್ಟ್‌ವೇರ್ ಯೂನಿಟಿ ಇಳಿಸಿಕೊಳ್ಳುತ್ತಾರೆ, ಹೀರೋಗೆ ಹೆಸರಿಡುತ್ತಾರೆ, ಅವನ ಕತ್ತಿಗೆ ಬಣ್ಣ ಹಚ್ಚುತ್ತಾರೆ. ತಿಂಗಳು ಕಳೆದರೂ ಅಲ್ಲಿ ಆಡೋದಕ್ಕೆ ಏನೂ ಇರುವುದಿಲ್ಲ. ಚಿತ್ರ, ಕತೆ, ಸಂಗೀತ ಎಲ್ಲ ಆಮೇಲೆ ಬಂದರೂ ನಡೆಯುತ್ತದೆ. ಮೊದಲು ಬೇಕಾದದ್ದು ಆಡುವವರು ಕೈಯನ್ನು ಕಾಯಿಯ ಮೇಲಿಟ್ಟು, ‘ಇದನ್ನ ನಡೆಸಲಾ, ಅದನ್ನ ನಡೆಸಲಾ’ ಎಂದು ಒದ್ದಾಡುವ ಗಳಿಗೆ. ಆ ಒದ್ದಾಟವನ್ನು ಹುಟ್ಟಿಸುವುದೇ ಡಿಸೈನರ್ ಕೆಲಸ. ಅದನ್ನು ಕಲಿಯಲು ಒಂದು ಸೀಮೆಸುಣ್ಣ, ನಾಲ್ಕು ಕವಡೆ, ನಾಲ್ಕು ಬಣ್ಣದ ಹದಿನಾರು ಕಾಯಿ ಸಾಕು.

ಹೊಸ ಆಟವನ್ನು ಖಾಲಿ ಹಾಳೆಯಿಂದ ಶುರು ಮಾಡಬೇಡಿ. ಗೊತ್ತಿರುವ ಆಟವೊಂದನ್ನು ಬಿಚ್ಚಿ, ಒಂದು ನಿಯಮ ಬದಲಿಸಿ, ಮತ್ತೆ ಜೋಡಿಸಿ. ಇಲ್ಲಿ ಬಿಚ್ಚಲು ಚೌಕಾಬಾರ ಹಿಡಿದಿದ್ದೇನೆ.

ಮೊದಲು ಎಲ್ಲ ನಿಯಮ ಬರೆಯಿರಿ

ಐದು ಅಡ್ಡ, ಐದು ಉದ್ದ, ಒಟ್ಟು 25 ಮನೆ. ನಾಲ್ಕು ಜನ, ತಲಾ ನಾಲ್ಕು ಕಾಯಿ. ನಾಲ್ಕು ಬದಿಯ ನಡುಮನೆಗಳಲ್ಲಿ ಗೀಟು ಹಾಕಿರುತ್ತದೆ. ಅವು ಕಟ್ಟೆ, ಅಲ್ಲಿ ಕೂತ ಕಾಯಿಯನ್ನು ಹೊಡೆಯುವಂತಿಲ್ಲ. ಕವಡೆ ಎಸೆದಾಗ ಬಾಯಿ ಮೇಲಾಗಿ ಬಿದ್ದಷ್ಟು ಮನೆ ನಡೆ. ನಾಲ್ಕೂ ಮೇಲಾದರೆ ಚೌಕ, 4. ನಾಲ್ಕೂ ಕವುಚಿ ಬಿದ್ದರೆ ಬಾರ, 8. ಈ ಎರಡು ಬಿದ್ದರೆ ಇನ್ನೊಂದು ಗರ, ಅಂದರೆ ಇನ್ನೊಂದು ಎಸೆತ. ಹೊರಸುತ್ತು ಮುಗಿಸಿ, ಒಳಸುತ್ತು ತಿರುಗಿ, ಮಣೆಯ ನಟ್ಟನಡುವಿನ ಮನೆ ಸೇರಿದ ಕಾಯಿ ಹಣ್ಣು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ.

‘ನಮ್ಮನೇಲಿ ಹಂಗಲ್ಲ’ ಎಂದು ನೀವು ಈಗಾಗಲೇ ಹೇಳಿರಬಹುದು. ಒಳ್ಳೆಯದೇ. ಜೋಡಿ ಕಾಯಿಯನ್ನು ಹೊಡೆಯಬಹುದಾ, ಹೊಡೆದವರಿಗೆ ಇನ್ನೊಂದು ಗರ ಉಂಟಾ, ಹೀಗೆ ಮನೆಮನೆಗೂ ಜಗಳ ಇದ್ದೇ ಇರುತ್ತದೆ. ಆ ಜಗಳ ಮಾಡುತ್ತಾ ನಿಯಮ ತಿದ್ದಿದವರೆಲ್ಲ ಗೊತ್ತಿಲ್ಲದೆಯೇ ಡಿಸೈನರ್‌ಗಳಾಗಿದ್ದವರು.

ನಿಮ್ಮ ಮನೆಯ ನಿಯಮವನ್ನೇ ಬರೆಯಿರಿ. ಬರೆದ ಮೇಲೆ ಐದು ಪ್ರಶ್ನೆ ಕೇಳಿಕೊಳ್ಳಿ. ಗೆಲುವು ಅಂದರೆ ಏನು? ನನ್ನ ಸರದಿಯಲ್ಲಿ ನಾನು ಏನು ಮಾಡಬಹುದು? ಏನು ಮಾಡಬಾರದು? ಅದೃಷ್ಟ ಎಲ್ಲಿ ನುಗ್ಗುತ್ತದೆ? ಆಟ ಯಾವಾಗ ಮುಗಿಯುತ್ತದೆ?

ನಿರ್ಧಾರ ಎಲ್ಲಿದೆ, ಹುಡುಕಿ

ಹಾವು ಏಣಿ ಆಟದಲ್ಲಿ ಆಡುವವರು ತೆಗೆದುಕೊಳ್ಳುವ ನಿರ್ಧಾರ ಎಷ್ಟು? ಸೊನ್ನೆ. ದಾಳ ಹೇಳಿದಷ್ಟು ನಡೆಯುವುದು, ಅಷ್ಟೇ. ನೀವು ಎದ್ದು ಹೋಗಿ ಪಕ್ಕದ ಮನೆಯವರು ನಿಮ್ಮ ಪರವಾಗಿ ದಾಳ ಹಾಕಿದರೂ ಏನೂ ಬದಲಾಗುವುದಿಲ್ಲ. ಐದು ವರ್ಷದ ಮಗುವಿಗೆ ಅದು ಮಜಾ, ಯಾಕೆಂದರೆ ಅಪ್ಪನನ್ನೂ ಸೋಲಿಸಬಹುದು. ದೊಡ್ಡವರಿಗೆ ಬೇಗ ಬೇಸರ.

ಅಳಗುಳಿ ಮಣೆ ಇನ್ನೊಂದು ತುದಿ. ಕಾಳುಗಳೆಲ್ಲ ಕಣ್ಣೆದುರೇ ಇರುತ್ತವೆ, ಅದೃಷ್ಟ ಅನ್ನುವುದೇ ಇಲ್ಲ. ಲೆಕ್ಕ ಗೊತ್ತಿರುವವರು ಹೊಸಬರನ್ನು ಪ್ರತಿ ಸಲ ಸೋಲಿಸುತ್ತಾರೆ.

ಚೌಕಾಬಾರ ಇವೆರಡರ ಮಧ್ಯೆ ಕೂತಿದೆ. ಗರ ಅದೃಷ್ಟದ್ದು, ಯಾವ ಕಾಯಿ ನಡೆಸಬೇಕು ಅನ್ನುವುದು ನಿಮ್ಮದು. 3 ಬಿತ್ತು ಅನ್ನಿ. ಒಂದು ಕಾಯಿ ನಡೆಸಿದರೆ ಕಟ್ಟೆ ಸೇರುತ್ತದೆ. ಇನ್ನೊಂದು ನಡೆಸಿದರೆ ಎದುರಾಳಿಯನ್ನು ಹೊಡೆಯಬಹುದು, ಆದರೆ ಬಯಲಿನಲ್ಲಿ ನಿಲ್ಲಬೇಕು. ಎರಡರಲ್ಲೂ ಏನೋ ಸಿಗುತ್ತದೆ, ಏನೋ ಕೈತಪ್ಪುತ್ತದೆ. ಹೀಗಿದ್ದಾಗ ಮಾತ್ರ ಅದು ನಿಜವಾದ ನಿರ್ಧಾರ. ಒಂದು ದಾರಿ ಯಾವಾಗಲೂ ಒಳ್ಳೆಯದೇ ಆಗಿದ್ದರೆ ಅದು ಆಯ್ಕೆಯಲ್ಲ, ಸುಮ್ನೆ ನಾಟಕ. ಮೊಬೈಲ್ ಆಟಗಳಲ್ಲಿ ಹತ್ತು ಆಯುಧ ಕೊಟ್ಟು, ಎಲ್ಲರೂ ಒಂದನ್ನೇ ಹಿಡಿದು ಓಡಾಡುವುದನ್ನು ನೋಡಿದ್ದೀರಲ್ವಾ?

ಗರದ ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹೊಸಬರು ಓಡಿಹೋಗುವುದು ಇಲ್ಲಿಂದಲೇ, ಆದರೆ ಆಟದ ಗುಟ್ಟು ಇರುವುದೂ ಇಲ್ಲೇ.

ಒಂದು ಕವಡೆ ಬಾಯಿ ಮೇಲಾಗಿ ಬೀಳುವುದೂ ಕವುಚಿ ಬೀಳುವುದೂ ಸಮ ಎಂದುಕೊಳ್ಳಿ. ನಾಲ್ಕು ಕವಡೆ 16 ಬಗೆಯಲ್ಲಿ ಬೀಳಬಹುದು. ಅದರಲ್ಲಿ 1 ಬರುವುದು 4 ಬಗೆ, 2 ಬರುವುದು 6 ಬಗೆ, 3 ಬರುವುದು 4 ಬಗೆ. ಚೌಕಕ್ಕೆ ಒಂದು, ಬಾರಕ್ಕೆ ಒಂದು. ಸರಾಸರಿ ಹಾಕಿದರೆ ಒಂದು ಗರಕ್ಕೆ ಎರಡೂವರೆ ಮನೆ. ಇನ್ನೊಂದು ಗರ ಸಿಗುವ ಅವಕಾಶ ಎಂಟರಲ್ಲಿ ಒಂದು.

ಈಗ ಅದನ್ನು ಮಣೆಯ ಮೇಲಿಟ್ಟು ನೋಡಿ. ಎದುರಾಳಿಗಿಂತ ಎರಡು ಮನೆ ಮುಂದೆ ನಿಂತರೆ ಹೊಡೆಸಿಕೊಳ್ಳುವ ಅಪಾಯ 16ರಲ್ಲಿ 6, ಅಂದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ಐದು, ಆರು, ಏಳು ಮನೆ ಮುಂದೆ ನಿಂತರೆ? ಒಂದೇ ಗರದಲ್ಲಿ ಅಲ್ಲಿಗೆ ತಲುಪುವ ಸಂಖ್ಯೆಯೇ ಇಲ್ಲ. ಮೊದಲು ಚೌಕ ಬೀಳಬೇಕು, ಆಮೇಲೆ ಸರಿಯಾದ ಗರ ಬೀಳಬೇಕು. ಆರು ಮನೆ ದೂರಕ್ಕೆ ಅದು ನೂರರಲ್ಲಿ ಎರಡು, ಎರಡೂವರೆ ಸಲ ಆದೀತು. ಎಂಟು ಮನೆ ದೂರ ಮತ್ತೆ ಸ್ವಲ್ಪ ಅಪಾಯ, ಬಾರ ಇದೆಯಲ್ಲ. ಅಂದರೆ ಗೀಟು ಹಾಕಿದ ಕಟ್ಟೆಗಳ ಜೊತೆಗೆ ಗೀಟೇ ಇಲ್ಲದ ಕಟ್ಟೆಗಳೂ ಮಣೆಯ ಮೇಲೆ ಓಡಾಡುತ್ತಿರುತ್ತವೆ. ಪಳಗಿದವರು ಲೆಕ್ಕ ಹಾಕದೆಯೇ ಅಲ್ಲಿ ಹೋಗಿ ನಿಲ್ಲುತ್ತಾರೆ.

ಕವಡೆ ತೆಗೆದು ಲೂಡೋ ದಾಳ ಹಾಕಿ ಒಂದು ಸಲ ಆಡಿ. ಆರೂ ಸಂಖ್ಯೆಗೆ ಸಮಾನ ಅವಕಾಶ. ಎರಡು ಮನೆ ಮುಂದೆ ನಿಂತರೂ ಅಷ್ಟೇ, ಆರು ಮನೆ ಮುಂದೆ ನಿಂತರೂ ಹೆಚ್ಚು ಕಡಿಮೆ ಅಷ್ಟೇ. ಆಟ ಬೇಗ ಓಡುತ್ತದೆ, ಆದರೆ ಎಲ್ಲಿ ನಿಲ್ಲಬೇಕು ಅನ್ನುವ ಜಾಣತನಕ್ಕೆ ಬೆಲೆ ಕುಸಿಯುತ್ತದೆ. ಮಣೆ ಅದೇ, ಕಾಯಿ ಅದೇ, ಬದಲಾದದ್ದು ಬರೀ ಎಸೆಯುವ ವಸ್ತು.

ನಿಜವಾದ ಕವಡೆ ಲೆಕ್ಕದಷ್ಟು ನಿಯತ್ತಾಗಿ ಬೀಳಬೇಕೆಂದಿಲ್ಲ. ಒಂದು ಬದಿ ಉಜ್ಜಿದ ಹುಣಸೆ ಬೀಜದ್ದೂ ಅದೇ ಕತೆ. ನಿಮ್ಮ ಸೆಟ್ಟನ್ನು ನೂರು ಸಲ ಎಸೆದು ಬರೆದುಕೊಳ್ಳಿ, ಗೊತ್ತಾಗುತ್ತದೆ.

ಆಟ ಎಷ್ಟು ಹೊತ್ತು ನಡೆಯುತ್ತದೆ ಎಂಬುದಕ್ಕೂ ಇದೇ ಲೆಕ್ಕ. ಒಂದು ಕಾಯಿ ಹಣ್ಣಾಗಲು 24 ಹೆಜ್ಜೆ, ನಾಲ್ಕಕ್ಕೆ 96. ಗರಕ್ಕೆ ಎರಡೂವರೆಯಂತೆ 38 ಗರ ಚಿಲ್ಲರೆ. ಯಾರೂ ಯಾರನ್ನೂ ಹೊಡೆಯದಿದ್ದರೆ ಇಷ್ಟು. ನಾಲ್ಕು ಜನ, ಗರಕ್ಕೆ 15 ಸೆಕೆಂಡ್ ಎಂದರೆ ಹತ್ತಿರ ಹತ್ತಿರ 40 ನಿಮಿಷ. ಹೊಡೆದಾಟ ಸೇರಿದರೆ ಗಂಟೆ ದಾಟಿದರೂ ಆಶ್ಚರ್ಯವಿಲ್ಲ. ನಿಮ್ಮ ಆಟ ಅರ್ಧ ಗಂಟೆಯೊಳಗೆ ಮುಗಿಯಬೇಕಾ? ಕಾಯಿ ಎರಡಕ್ಕೆ ಇಳಿಸಿ ನೋಡಿ.

ಒಂದು ನಿಯಮ, ನೂರು ನಡವಳಿಕೆ

ಚೌಕಾಬಾರದಲ್ಲಿ ನನಗೆ ತುಂಬಾ ಇಷ್ಟವಾದದ್ದು ‘ಹೊಡೆಯದೆ ಒಳಗೆ ಹೋಗುವಂತಿಲ್ಲ’ ಅನ್ನುವ ನಿಯಮ. ಅದನ್ನು ತೆಗೆದು ಆಡಿ. ಎಲ್ಲರೂ ಕಟ್ಟೆಯಿಂದ ಕಟ್ಟೆಗೆ ಹಾರಿಕೊಂಡು ಮರ್ಯಾದೆಯಿಂದ ಮನೆ ಸೇರುತ್ತಾರೆ. ಮಣೆಯ ಸುತ್ತ ಕಿರುಚಾಟವೂ ಇಲ್ಲ, ನಗುವೂ ಇಲ್ಲ. ಆ ನಿಯಮ ಇದ್ದಾಗ ಸಾಧು ಸ್ವಭಾವದವರೂ ಕೈಯಲ್ಲಿ ಕತ್ತಿ ಹಿಡಿಯಲೇಬೇಕು. ಇನ್ನೂ ಯಾರನ್ನೂ ಹೊಡೆಯದವನ ಎದುರು ಕಾಯಿ ಬಿಡಲು ಎಲ್ಲರಿಗೂ ಭಯ. ಅವನು ಮಾತ್ರ ಹೊರಸುತ್ತಿನಲ್ಲೇ ಕಾಯುತ್ತಾ ಕೂರುತ್ತಾನೆ. ‘ಕಾಯುತ್ತಾ ಕೂರು’ ಎಂದು ನಿಯಮದಲ್ಲಿ ಎಲ್ಲೂ ಬರೆದಿಲ್ಲ.

ರಾಬಿನ್ ಹುನಿಕೆ, ಮಾರ್ಕ್ ಲೆಬ್ಲಾಂಕ್, ರಾಬರ್ಟ್ ಜುಬೆಕ್ ಎಂಬ ಮೂವರು 2004ರಲ್ಲಿ ಒಂದು ಪ್ರಬಂಧದಲ್ಲಿ ಇದನ್ನು ಮೂರು ಪದರವಾಗಿ ವಿವರಿಸಿದರು. ಕೆಳಗೆ ಮೆಕ್ಯಾನಿಕ್ಸ್, ಅಂದರೆ ನಿಯಮಗಳು. ನಡುವೆ ಡೈನಾಮಿಕ್ಸ್, ನಿಯಮದಿಂದ ಹುಟ್ಟುವ ನಡವಳಿಕೆ. ಮೇಲೆ ಏಸ್ಥೆಟಿಕ್ಸ್, ಆಡುವವರ ಮನಸ್ಸಿಗೆ ಆಗುವುದು. ಎಂಡಿಎ ಎಂದು ಗೇಮ್ ಡಿಸೈನ್ ಕ್ಲಾಸುಗಳಲ್ಲಿ ಹೇಳಿಕೊಡುವುದು ಇದನ್ನೇ. ಡಿಸೈನರ್ ಕೈ ಹಾಕಲು ಆಗುವುದು ಕೆಳಗಿನ ಪದರಕ್ಕೆ ಮಾತ್ರ. ಆಡುವವರಿಗೆ ತಟ್ಟುವುದು ಮೇಲಿನ ಪದರ. ಹಾಗಾಗಿ ‘ಭಯ ಹುಟ್ಟಬೇಕು’ ಎಂದು ನಿರ್ಧರಿಸಿ, ಯಾವ ನಿಯಮ ಅದನ್ನು ಹುಟ್ಟಿಸುತ್ತದೆ ಎಂದು ಹುಡುಕುತ್ತಾ ಕೆಳಗಿಳಿಯಬೇಕು.

ಮುಂದಿರುವವನಿಗೆ ಕಡಿವಾಣ ಇದೆಯಾ?

ಎಲಿಜಬೆತ್ ಮ್ಯಾಗಿ ಎಂಬ ಅಮೆರಿಕದ ಮಹಿಳೆ 1904ರಲ್ಲಿ ‘ದಿ ಲ್ಯಾಂಡ್‌ಲಾರ್ಡ್ಸ್ ಗೇಮ್’ ಎಂಬ ಆಟಕ್ಕೆ ಪೇಟೆಂಟ್ ಪಡೆದರು. ಜಾಗ ಇರುವವನಿಗೆ ಬಾಡಿಗೆ, ಬಾಡಿಗೆಯಿಂದ ಇನ್ನಷ್ಟು ಜಾಗ. ಉಳಿದವರು ಬಡವರಾಗುತ್ತಾ ಹೋಗುವುದನ್ನು ತೋರಿಸಬೇಕೆಂದೇ ಅವರು ಆಟ ಕಟ್ಟಿದ್ದು. ಅದರಿಂದ ಬೆಳೆದ ಮೊನೋಪಲಿ 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿಯಿಂದ ಮಾರುಕಟ್ಟೆಗೆ ಬಂತು. ನಮ್ಮ ಅಂಗಡಿಗಳಲ್ಲಿ ‘ವ್ಯಾಪಾರ’, ‘ಬಿಸಿನೆಸ್’ ಎಂಬ ಡಬ್ಬಿಗಳಲ್ಲಿ ಸಿಗುವುದು ಅದರ ತಮ್ಮಂದಿರು. ಅರ್ಧ ಆಟದಲ್ಲೇ ಯಾರು ಗೆಲ್ಲುತ್ತಾರೆ ಎಂದು ಗೊತ್ತಾಗಿ, ಮಿಕ್ಕವರು ಕಾಟಾಚಾರಕ್ಕೆ ಕೂತಿರುತ್ತಾರಲ್ಲ, ಅದು ಆಕಸ್ಮಿಕ ಅಲ್ಲ. ಪಾಠ ಹೇಳಲು ಅದು ಸರಿ. ಮನೆಮಂದಿ ಕೂತು ಆಡಲು, ನನ್ನ ಲೆಕ್ಕದಲ್ಲಿ, ಕೆಟ್ಟದ್ದು.

ಚೌಕಾಬಾರದಲ್ಲಿ ಹೊಡೆಸಿಕೊಂಡ ಕಾಯಿ ವಾಪಸ್ ಮೊದಲ ಮನೆಗೆ. ಎರಡು ಹೆಜ್ಜೆ ಇಟ್ಟ ಕಾಯಿ ಹೋದರೆ ಎರಡೇ ಹೆಜ್ಜೆ ನಷ್ಟ. ಹದಿನಾಲ್ಕು ಹೆಜ್ಜೆ ಇಟ್ಟದ್ದು ಹೋದರೆ ಹದಿನಾಲ್ಕೂ ನಷ್ಟ. ಮುಂದಿರುವವನಿಗೆ ಪೆಟ್ಟು ತಾನಾಗಿಯೇ ದೊಡ್ಡದು. ನಿಮ್ಮ ಆಟದಲ್ಲಿ ಇಂಥ ಕಡಿವಾಣ ಎಲ್ಲಿದೆ ನೋಡಿಕೊಳ್ಳಿ. ಅತಿಯಾದರೂ ಕಷ್ಟ. ಗೆಲ್ಲುವ ಹೊತ್ತಿಗೆ ಪ್ರತಿ ಸಲ ಎಳೆದು ಕೆಳಗೆ ಹಾಕಿದರೆ ಆಟ ಮುಗಿಯುವುದೇ ಇಲ್ಲ.

ಈಗ ಒಂದನ್ನು ಬದಲಿಸಿ

ಒಂದನ್ನು ಮಾತ್ರ. ಎರಡು ಬದಲಿಸಿದರೆ ಯಾವುದು ಏನು ಮಾಡಿತು ಎಂದು ತಿಳಿಯುವುದಿಲ್ಲ.

ಉದಾಹರಣೆಗೆ, ಸರದಿಗೆ ಎರಡು ಸಲ ಕವಡೆ ಎಸೆದು ಒಂದು ಗರ ಆರಿಸಿಕೊಳ್ಳಿ ಎಂದು ಮಾಡಿ. ಚೌಕವೋ ಬಾರವೋ ಸಿಗುವ ಅವಕಾಶ ನೂರಕ್ಕೆ 12ರಿಂದ 23ರ ಹತ್ತಿರಕ್ಕೆ ಏರುತ್ತದೆ. ಆಯ್ಕೆ ಹೆಚ್ಚುತ್ತದೆ, ಆದರೆ ಪ್ರತಿಯೊಬ್ಬರೂ ಯೋಚಿಸುವ ಹೊತ್ತೂ ಹೆಚ್ಚುತ್ತದೆ. ಕಾಯುವವರಿಗೆ ಬೇಸರ ಬರುತ್ತದಾ? ಆಡಿಯೇ ನೋಡಬೇಕು. ಅಥವಾ ಬಿದ್ದ ಗರವನ್ನು ಬಳಸದೆ ಮುಂದಿನ ಸರದಿಗೆ ಎತ್ತಿಡಬಹುದು ಎಂದು ಮಾಡಿ. ಆಗ ನೀವು ಎತ್ತಿಟ್ಟ 3 ಎಲ್ಲರ ಕಣ್ಣಿಗೂ ಕಾಣುತ್ತದೆ. ಮೂರು ಮನೆ ಮುಂದೆ ನಿಲ್ಲಲು ಯಾರೂ ಬರುವುದಿಲ್ಲ. ನನಗೆ ಈ ಎರಡನೆಯದೇ ಚೆನ್ನ. ಗರ ಅದೃಷ್ಟದಿಂದ ಬೆದರಿಕೆಯಾಗಿ ಬದಲಾಗುತ್ತದೆ.

ಇನ್ನೂ ಧೈರ್ಯ ಇದ್ದರೆ ಹುಲಿ-ಕುರಿ ಆಟದ ದಾರಿ ಹಿಡಿಯಿರಿ. ಅಲ್ಲಿ ಎರಡು ಕಡೆಗೂ ಬೇರೆ ಬೇರೆ ಬಲ. ನೇಪಾಳದ ಬಾಘ್ ಚಾಲ್‌ನಲ್ಲಿ 4 ಹುಲಿಗೆ 20 ಆಡು. ಹುಲಿ ಹಾರಿ ತಿನ್ನುತ್ತದೆ, ಆಡು ಸುತ್ತುವರಿದು ಕಟ್ಟಿಹಾಕುತ್ತದೆ. ಚೆನ್ನಾಗಿದೆ, ಆದರೆ ಎರಡು ಕಡೆಯನ್ನೂ ಸರಿತೂಗಿಸಲು ತುಂಬಾ ಸಲ ಆಡಬೇಕು. ಮೊದಲ ಆಟಕ್ಕೆ ಬೇಡ.

ಬಾಯಿ ಮುಚ್ಚಿ ನೋಡಿ

ಬೇರೆಯವರನ್ನು ಕೂರಿಸಿ ಆಡಿಸಿ. ನೀವು ಆಡಬೇಡಿ, ಸಲಹೆ ಕೊಡಬೇಡಿ. ‘ಚೆನ್ನಾಗಿತ್ತಾ?’ ಎಂದು ಕೇಳಿದರೆ ನೆಂಟರು ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ, ಅದಕ್ಕೆ ಕಿವಿ ಕೊಡಬೇಡಿ. ಯಾವಾಗ ಫೋನ್ ಕೈಗೆತ್ತಿಕೊಂಡರು, ಯಾವಾಗ ಮುಂದಕ್ಕೆ ಬಾಗಿದರು, ಯಾವ ನಿಯಮವನ್ನು ಮತ್ತೆ ಮತ್ತೆ ಕೇಳಿದರು, ಅದನ್ನು ಬರೆದುಕೊಳ್ಳಿ. ಅವರು ತಪ್ಪು ತಿಳಿದು ಆಡಿದ ರೀತಿ ನಿಮ್ಮ ನಿಯಮಕ್ಕಿಂತ ಮಜವಾಗಿದ್ದರೆ ನಾಚಿಕೆ ಬಿಟ್ಟು ಅದನ್ನೇ ಇಟ್ಟುಕೊಳ್ಳಿ. 1978ರ ವಿಡಿಯೋ ಗೇಮ್ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಶತ್ರುಗಳು ಕಡಿಮೆಯಾದಂತೆ ವೇಗ ಏರುತ್ತದೆ. ಪರದೆಯ ಮೇಲೆ ಬಿಡಿಸಬೇಕಾದ ಚಿತ್ರ ಕಡಿಮೆಯಾದಾಗ ಆ ಕಾಲದ ಯಂತ್ರ ತಾನಾಗಿಯೇ ಜೋರಾಗಿ ಓಡುತ್ತಿತ್ತು. ಅದನ್ನು ಕಟ್ಟಿದ ತೊಮೊಹಿರೊ ನಿಶಿಕಾಡೊ ಅದನ್ನು ತಿದ್ದದೆ ಹಾಗೇ ಬಿಟ್ಟರು. ಆಟಕ್ಕೆ ಜೀವ ಬಂದದ್ದು ಅಲ್ಲಿ.

ಇಷ್ಟಾದ ಮೇಲೆ ನಿಯಮವನ್ನು ಒಂದು ಪುಟದಲ್ಲಿ ಬರೆದು, ನೀವು ಇಲ್ಲದ ಕಡೆ ಆಡಲು ಯಾರಿಗಾದರೂ ಕೊಡಿ. ಅವರು ಫೋನ್ ಮಾಡಿ ಏನು ಕೇಳುತ್ತಾರೋ ಅದು ಪುಟದಲ್ಲಿ ಬಿಟ್ಟುಹೋಗಿದೆ ಎಂದರ್ಥ. ತಿದ್ದಿದ ಪ್ರತಿ ಹಾಳೆಗೂ ತಾರೀಕು ಹಾಕಿ, ಹಳೆಯದನ್ನು ಎಸೆಯಬೇಡಿ. ನಾಲ್ಕನೇ ತಿದ್ದುಪಡಿ ಕೆಟ್ಟಾಗ ಎರಡನೆಯದಕ್ಕೆ ವಾಪಸ್ ಹೋಗಬೇಕಾಗುತ್ತದೆ.

ಕೋಡ್ ಬರೆಯಲು ಬರುವವರು ಈಗ ಕಂಪ್ಯೂಟರ್ ಆನ್ ಮಾಡಬಹುದು. ಆದರೆ ಹೀರೋ ಬಿಡಿಸಲು ಅಲ್ಲ. ಸಣ್ಣ ಪ್ರೋಗ್ರಾಂ ಬರೆದು ನಿಮ್ಮ ಆಟವನ್ನು ಅದರೊಳಗೇ ಹತ್ತು ಸಾವಿರ ಸಲ ಆಡಿಸಿ. ಮೊದಲು ಗರ ಹಾಕುವವರೇ ಜಾಸ್ತಿ ಗೆಲ್ಲುತ್ತಿದ್ದಾರಾ ನೋಡಿ. ಹಾಗಿದ್ದರೆ ಕೊನೆಯವರಿಗೆ ಮೊದಲ ಸುತ್ತಿನಲ್ಲಿ ಎರಡು ಗರ ಕೊಟ್ಟು, ಮತ್ತೆ ಓಡಿಸಿ.