ಅಜ್ಜಿಯ ದಿನಚರಿಯನ್ನು ಓದಿ, ನಕಲು ಮಾಡಿ, ಉಳಿಸಿಕೊಳ್ಳುವ ಬಗೆ

ಪೈಸಾರಿ, ಅಂದರೆ ಸರ್ಕಾರಿ ಪಾಳು ಜಮೀನಿನ ಕಾಡನ್ನು ಕಡಿದು ಕಾಫಿ ನೆಟ್ಟ ಮೊದಲ ತಲೆಮಾರಿನ ಗಂಡಸರ ಹೆಸರುಗಳು ಕೊಡಗಿನ ಕಂದಾಯದ ಕಾಗದಗಳಲ್ಲಿ ಸಿಗುತ್ತವೆ. ಆದರೆ ಆ ತೋಟದಲ್ಲಿ ಯಾರಿಗೆ ಚಳಿಜ್ವರ ಬಂತು, ತೋಟದ ಕೂಲಿಗಳು ಇರುವ ಲೈನ್‌ಮನೆಯ ಎಷ್ಟು ಜನರಿಗೆ ಗಂಜಿ ಬೇಯಿತು ಎಂಬುದು ಹೆಂಗಸರು ಬರೆದಿಟ್ಟ ದಿನಚರಿಯಲ್ಲಷ್ಟೇ ಉಳಿದಿರುತ್ತದೆ. ನಮ್ಮ ಅಡುಗೆಮನೆಯ ಅಟ್ಟದಲ್ಲಿ ಸಿಕ್ಕ ಅಜ್ಜಿಯ ನಾಲ್ಕು ಪುಸ್ತಕಗಳಿಂದ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮಳೆಗಾಲದಲ್ಲಿ ಪುಸ್ತಕವನ್ನು ಬಿಚ್ಚಬೇಡಿ. ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ, ಬಿಸಿಲು ನೇರವಾಗಿ ಬೀಳದ ಜಗಲಿಯಲ್ಲಿ ಗಾಳಿಗೆ ಇಟ್ಟು, ಬೂಷ್ಟನ್ನು ಮೂಗು ಬಾಯಿ ಮುಚ್ಚಿಕೊಂಡು ಮೆತ್ತನೆಯ ಕುಂಚದಿಂದ ತೆಗೆಯಿರಿ. ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸುವುದಾಗಲಿ, ಲ್ಯಾಮಿನೇಷನ್ ಮಾಡಿಸುವುದಾಗಲಿ ಸರ್ವಥಾ ಬೇಡ. ಅಂಟು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಪುಟದ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಸಂಖ್ಯೆ ಹಾಕಿ, ಪ್ರತಿ ಪುಟದ ಫೋಟೋ ತೆಗೆದ ಮೇಲೆ ಆ ಫೋಟೋ ನೋಡಿಕೊಂಡೇ ನಕಲು ಮಾಡಿ. ಮಾಸಿದ ಪೆನ್ಸಿಲ್ ಬರಹವಾದರೆ ಬೆಳಕು ಪಕ್ಕದಿಂದ ಬೀಳುವಂತೆ ನೋಡಿಕೊಳ್ಳಿ. ಒತ್ತಿದ ಗೆರೆಗಳು ಎದ್ದು ಕಾಣುತ್ತವೆ.

ನಕಲು ಮಾಡುವಾಗ ಒಂದಕ್ಷರವನ್ನೂ ತಿದ್ದಬೇಡಿ. ಅಜ್ಜಿಯ ಕನ್ನಡದ ನಡುವೆ ಬರುವ ಕೊಡವ ಮಾತುಗಳನ್ನು ನಾನು ಮೊದಲು ‘ಶುದ್ಧ’ಗೊಳಿಸಿ, ಎರಡು ತಿಂಗಳ ಕೆಲಸವನ್ನು ಮತ್ತೆ ಮಾಡಬೇಕಾಯಿತು. ಓದಲಾಗದ ಪದಕ್ಕೆ ಚೌಕ ಕಂಸದಲ್ಲಿ ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗಿ. ಅದೇ ಪದ ಹತ್ತು ಪುಟಗಳಾಚೆ ಸ್ಪಷ್ಟವಾಗಿ ಸಿಗುವುದುಂಟು.

ನಿಜವಾದ ಶ್ರಮವಿರುವುದು ಅಂಕಿಗಳಲ್ಲಿ. ‘ಮಳೆ 310. ಒಲೆ ಹತ್ತಲಿಲ್ಲ. ಮಗುವಿಗೆ ಕ್ವಿನೈನ್’ ಎಂಬ ಸಾಲಿನ 310 ಎಂದರೆ ತೋಟದವರು ಇಂದಿಗೂ ಹೇಳುವ ಸೆಂಟು; ನೂರು ಸೆಂಟಿಗೆ ಒಂದು ಇಂಚು, ಅಂದರೆ ಆ ದಿನ ಬಿದ್ದದ್ದು ಸುಮಾರು 79 ಮಿಲಿಮೀಟರ್ ಮಳೆ. ಅಂಥ ಮಳೆಯಲ್ಲಿ ಸೌದೆಯೆಲ್ಲ ನೆನೆದು ಒಲೆ ಹತ್ತದೆ, ಜ್ವರದ ಮಗುವಿಗೆ ಬಿಸಿನೀರೂ ಇಲ್ಲದೆ ಕಳೆದ ಹಗಲು ಆ ಆರು ಪದಗಳಲ್ಲಿದೆ. ಖರ್ಚಿನ ಬದಿಯಲ್ಲಿ ‘3-8-6’ ಎಂದಿದ್ದರೆ ಮೂರು ರೂಪಾಯಿ, ಎಂಟು ಆಣೆ, ಆರು ಕಾಸು ಎಂದು ಓದಿ. ರೂಪಾಯಿಗೆ ನೂರು ಪೈಸೆಯ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು; ಆಣೆ ಕಾಸಿನ ಲೆಕ್ಕ ಅದಕ್ಕೂ ಹಳೆಯದು.

ಇಸವಿಯೇ ಇಲ್ಲದ ಪುಟಗಳಿಗೆ ಕೊಡವ ತಿಂಗಳು ನೆರವಾಗುತ್ತದೆ. ಮದ್ದುಸೊಪ್ಪಿನ ಪಾಯಸ ಮಾಡುವ ಕಕ್ಕಡ 18, ಅಂದರೆ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಸಾಮಾನ್ಯವಾಗಿ ಆಗಸ್ಟ್ 3ಕ್ಕೆ ಬೀಳುತ್ತದೆ. ಆ ದಿನ ಶುಕ್ರವಾರವೆಂದು ಬರೆದಿದ್ದರೆ 1945, 1951, 1956 ಇವುಗಳಲ್ಲಿ ಒಂದಿರಬಹುದು; ಮುಂದಿನ ಪುಟಗಳ ಬೆಲೆ, ಹೆರಿಗೆ, ಸಾವುಗಳನ್ನು ಮನೆಯವರ ನೆನಪಿನೊಂದಿಗೆ ಹೊಂದಿಸಿದರೆ ಇಸವಿ ಗಟ್ಟಿಯಾಗುತ್ತದೆ.

ನಕಲನ್ನು ಮನೆಯ ಹಿರಿಯ ಹೆಂಗಸರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರು ಹೇಳಿದ್ದನ್ನು ಬೇರೆ ಪುಸ್ತಕದಲ್ಲಿ ಬರೆದುಕೊಳ್ಳಿ. ಎರಡೂ ಬೆರೆತರೆ ಯಾರ ಮಾತು ಯಾವುದೆಂದು ತಿಳಿಯದು. ಮೂಲವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಬೀರುವಿನಲ್ಲಿಡಿ. ಅಜ್ಜಿ ಏನೂ ಬರೆಯದೆ ಬಿಟ್ಟ ದಿನಗಳನ್ನು ನಕಲಿನಲ್ಲೂ ಖಾಲಿಯಾಗಿಯೇ ಬಿಡಿ.