ಟೋಕಿಯೊದ ನಲವತ್ತೈದನೆಯ ಮಹಡಿಯಿಂದ ಫ್ಯೂಜಿಯ ಚಿತ್ರ ತೆಗೆದದ್ದು

ಗದಗಿನಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿರುವ ನಾನು ಡಿಸೆಂಬರಿನಲ್ಲಿ ಮಗಳ ಮನೆಗೆಂದು ಟೋಕಿಯೊಗೆ ಹೋಗಿದ್ದಾಗ, ಆ ನಗರವನ್ನೂ ಅದರಾಚೆಗಿನ ಫ್ಯೂಜಿ ಪರ್ವತವನ್ನೂ ಎತ್ತರದಿಂದ ಚಿತ್ರ ತೆಗೆಯಲು ಆರಿಸಿಕೊಂಡದ್ದು ಶಿಂಜುಕುವಿನಲ್ಲಿರುವ ಮಹಾನಗರ ಸರ್ಕಾರದ ಕಚೇರಿ ಕಟ್ಟಡವನ್ನು. 634 ಮೀಟರಿನ ಸ್ಕೈಟ್ರೀ ಗೋಪುರವಿರುವ ಊರಿನಲ್ಲಿ 243 ಮೀಟರಿನ ಸರ್ಕಾರಿ ಕಚೇರಿ ಹತ್ತುವುದು ಜಿಪುಣತನವೆಂದು ಊರಿನ ಗೆಳೆಯರು ನಕ್ಕದ್ದುಂಟು. ಅಲ್ಲಿ ಟಿಕೆಟ್ ಇಲ್ಲ, ಮುಂಗಡ ಬುಕಿಂಗಿನ ಗೊಡವೆಯಿಲ್ಲ ಎಂಬುದು ನನಗೆ ಒಂದು ಕಾರಣವಾಗಿತ್ತು, ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣ, ನಗರವನ್ನು ನೋಡಲೆಂದೇ ಮಾಡಿರುವ ಗ್ಯಾಲರಿಯ 202 ಮೀಟರ್ ಎತ್ತರವೇ. ಅಲ್ಲಿಂದ ನೋಡಿದರೆ ಸಿಗ್ನಲ್ಲಿನಲ್ಲಿ ನಿಂತ ಕಾರುಗಳನ್ನು ಇನ್ನೂ ಬಿಡಿಬಿಡಿಯಾಗಿ ಗುರುತಿಸಬಹುದು. ಅದಕ್ಕಿಂತ ಬಹಳ ಮೇಲೆ ಹೋದರೆ ನಗರವು ನಕಾಶೆಯಾಗಿಬಿಡುತ್ತದೆ, ಚಿತ್ರದಲ್ಲಿ ಜೀವ ಉಳಿಯುವುದಿಲ್ಲ.

ವಾಸ್ತುಶಿಲ್ಪಿ ಕೆಂಜೊ ಟಾಂಗೆ ರೂಪಿಸಿದ ಈ ಕಟ್ಟಡಕ್ಕೆ ಆಡಳಿತ ಕಚೇರಿಗಳು ಬಂದದ್ದು 1991ರಲ್ಲಿ. 33ನೆಯ ಮಹಡಿಯವರೆಗೆ ಒಂದಾಗಿಯೇ ಏರಿ, ಅಲ್ಲಿಂದ ಉತ್ತರ ಮತ್ತು ದಕ್ಷಿಣದ ಎರಡು ಗೋಪುರಗಳಾಗಿ ಕವಲೊಡೆಯುವ ಇದಕ್ಕೆ ಎರಡೂ ಗೋಪುರಗಳ 45ನೆಯ ಮಹಡಿಯಲ್ಲಿ ಒಂದೊಂದು ಗ್ಯಾಲರಿ ಇದೆ. ಅವುಗಳ ರಜೆಯ ದಿನಗಳು ಬೇರೆ ಬೇರೆಯಾದ್ದರಿಂದ, ಹೋಗುವ ದಿನ ಯಾವುದು ತೆರೆದಿದೆಯೆಂದು ಮನೆಯಲ್ಲಿಯೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ನಾವು ಹತ್ತಿದ್ದು ದಕ್ಷಿಣದ್ದನ್ನು.

ಫ್ಯೂಜಿಯನ್ನು ನೋಡಬೇಕೆನ್ನುವವರು ಚಳಿಗಾಲದಲ್ಲಿಯೇ ಹೋಗಬೇಕು. ಆ ಕಾಲದಲ್ಲಿ ಸೈಬೀರಿಯದ ಕಡೆಯಿಂದ ಬೀಸುವ ಗಾಳಿ ಜಪಾನ್ ಸಮುದ್ರದ ತೇವವನ್ನು ಹೀರಿಕೊಂಡು, ನಡುವಿನ ಬೆಟ್ಟಸಾಲಿನ ಆಚೆ ಬದಿಗೆ ಅದನ್ನೆಲ್ಲ ಹಿಮವಾಗಿ ಸುರಿದು, ಟೋಕಿಯೊದ ಕಡೆಗೆ ಒಣಗಾಳಿಯಾಗಿ ಇಳಿಯುತ್ತದೆ. ಘಟ್ಟದ ಮೇಲೆ ಮಳೆಯನ್ನೆಲ್ಲ ಸುರಿದು ಬಂದ ಮೋಡ ನಮ್ಮ ಗದಗಿನ ಹೊತ್ತಿಗೆ ಬರಿದಾಗುವಂತೆಯೇ ಇದೂ. ಬೇಸಿಗೆಯಲ್ಲಾದರೆ ಆರ್ದ್ರ ಹವೆಯ ಮಬ್ಬಿನಲ್ಲಿ ಪರ್ವತವು ಎಷ್ಟೋ ದಿನ ಮುಖವನ್ನೇ ತೋರಿಸುವುದಿಲ್ಲ. ಇನ್ನು ಹೊತ್ತಿನ ವಿಷಯ. ನಮ್ಮಲ್ಲಿ ಡಿಸೆಂಬರಿನ ಸೂರ್ಯ ಆರರ ಸುಮಾರಿಗೆ ಮುಳುಗಿದರೆ ಅಲ್ಲಿ ನಾಲ್ಕೂವರೆಗೇ ಮುಳುಗುತ್ತಾನೆ. "ಅಪ್ಪಾ, ಐದಕ್ಕ ಅಲ್ಲಿ ಕತ್ತಲಾಗಿರ್ತದ, ಊಟ ಮಾಡಿದ ಕೂಡಲೇ ಹೊಂಡೋಣು" ಎಂದು ಮಗಳು ಅವಸರಿಸಿದ್ದು ಅದಕ್ಕಾಗಿಯೇ.

ಓಎದೊ ಮಾರ್ಗದ ಮೆಟ್ರೊದಲ್ಲಿ ತೊಚೊಮಾಯೆ ನಿಲ್ದಾಣಕ್ಕೆ ಬಂದರೆ ಕಟ್ಟಡ ಅಲ್ಲಿಯೇ ಇದೆ. ಶಿಂಜುಕು ನಿಲ್ದಾಣದ ಪಶ್ಚಿಮ ದ್ವಾರದಿಂದ ಹತ್ತು ನಿಮಿಷ ನಡೆದೂ ಬರಬಹುದು. ಲಿಫ್ಟಿಗೆ ಮೊದಲು ಕೈಚೀಲಗಳ ತಪಾಸಣೆಯಿದೆ. ನನ್ನ ಮನೆಯವರು ಊರಿನಿಂದ ತಂದಿದ್ದ ಕಡಕ್ ರೊಟ್ಟಿಯ ಕಟ್ಟನ್ನು ಕಾವಲಿನವನು ಕುತೂಹಲದಿಂದ ತಿರುಗಿಸಿ ನೋಡಿ, ತಲೆಬಾಗಿ ಮರಳಿ ಕೊಟ್ಟ. ಗ್ಯಾಲರಿಗೆಂದೇ ಇರುವ ಲಿಫ್ಟು ಒಂದನೆಯ ಮಹಡಿಯಿಂದ 55 ಸೆಕೆಂಡಿನಲ್ಲಿ ಮೇಲಕ್ಕೆ ಮುಟ್ಟಿಸುತ್ತದೆ.

ಮೇಲೆ ಹೋದವನೇ ನಾನು ಪಶ್ಚಿಮದ ಕಿಟಕಿಯ ಬಳಿ ಜಾಗ ಹಿಡಿದೆ. ಪರ್ವತವು ನೂರು ಕಿಲೊಮೀಟರಿಗೆ ತುಸು ಕಡಿಮೆ ದೂರದಲ್ಲಿದ್ದು, ಅದರ ಕೆಳಭಾಗವನ್ನು ತಾಂಜಾವಾ ಬೆಟ್ಟಗಳು ಮರೆಮಾಡುತ್ತವೆ. ಆದ್ದರಿಂದ 3776 ಮೀಟರಿನ ಆ ಶಿಖರವು ಬರಿಗಣ್ಣಿಗೆ, ಎತ್ತರದಲ್ಲಿ ಚಾಚಿದ ಕೈಯ ಹೆಬ್ಬೆರಳಿನ ಅಗಲವನ್ನೂ ಮೀರುವುದಿಲ್ಲ. ಮೊಬೈಲಿನಲ್ಲಿ ಅದು ಚುಕ್ಕೆಯಾಗುತ್ತದೆ; ದೂರದ್ದನ್ನು ಹತ್ತಿರಕ್ಕೆ ತರುವ 200 ಎಂ.ಎಂ. ಲೆನ್ಸಾದರೂ ಬೇಕು. ಸೂರ್ಯಾಸ್ತಕ್ಕೆ ಮುಂಚೆ ಎದುರುಬಿಸಿಲಿನ ಪ್ರಖರತೆಯಲ್ಲಿ ಪರ್ವತವು ಹೆಚ್ಚುಕಡಿಮೆ ಕರಗಿಯೇ ಹೋಗಿರುತ್ತದೆ. ಡಿಸೆಂಬರಿನಲ್ಲಿ ಸೂರ್ಯನು ಅದರ ಎಡಕ್ಕೆ ಮುಳುಗುತ್ತಾನೆ. ಮುಳುಗಿದೊಡನೆ ಬಹುಮಂದಿ ಕಿಟಕಿ ಬಿಟ್ಟು ಹೊರಟುಬಿಡುತ್ತಾರೆ. ನಿಜವಾದ ಚಿತ್ರ ಸಿಗುವುದು ಅದಾದ ಹತ್ತಿಪ್ಪತ್ತು ನಿಮಿಷಗಳ ಮೇಲೆ: ಆಕಾಶವು ಕಿತ್ತಳೆಯಿಂದ ನೇರಳೆಗೆ ತಿರುಗುತ್ತಿರುವಾಗ ಶಿಖರದ ಅಂಚು ಕತ್ತರಿಸಿಟ್ಟಂತೆ ಕಪ್ಪಾಗಿ ಎದ್ದು ನಿಲ್ಲುತ್ತದೆ, ಕೆಳಗೆ ನಗರದ ದೀಪಗಳು ಆಗತಾನೆ ಹೊತ್ತಿಕೊಳ್ಳುತ್ತಿರುತ್ತವೆ. ಬೆಳಕಿನ ಅಳತೆಯನ್ನು ಆಕಾಶಕ್ಕೆ ಹೊಂದಿಸಿಕೊಳ್ಳಬೇಕೇ ಹೊರತು ಕಟ್ಟಡಗಳಿಗಲ್ಲ.

ಗಾಜಿನ ಮೂಲಕ ತೆಗೆಯುವಾಗ ದೊಡ್ಡ ಶತ್ರು ಒಳಗಿನ ದೀಪಗಳ ಪ್ರತಿಫಲನ. ಟ್ರೈಪಾಡಿಗೆ ಅಲ್ಲಿ ಅವಕಾಶವಿಲ್ಲ. ನಾನು ಲೆನ್ಸಿನ ಬಾಯಿಯನ್ನು ಗಾಜಿಗೆ ನೇರವಾಗಿ ಒತ್ತಿ ಹಿಡಿದು, ಮನೆಯವರ ಕರಿ ಶಾಲನ್ನು ಕ್ಯಾಮೆರಾದ ಸುತ್ತ ಸುತ್ತಿ, ಗಾಜಿನ ಆಧಾರದಿಂದಲೇ ಕೈನಡುಕವನ್ನು ತಡೆದುಕೊಂಡೆ. ಲೆನ್ಸು ತುಸು ಓರೆಯಾದರೂ ಬೆನ್ನ ಹಿಂದಿನ ದೀಪವೊಂದು ಪರ್ವತದ ನೆತ್ತಿಯ ಮೇಲೆ ಬಂದು ಕೂರುತ್ತದೆ. ಕತ್ತಲಾದ ಮೇಲೆ ಆಟೊಫೋಕಸ್ ಗಾಜಿನ ಮೇಲಿನ ಬೆರಳಚ್ಚನ್ನೇ ಹಿಡಿಯುವುದರಿಂದ, ಬೆಳಕಿರುವಾಗಲೇ ದೂರಕ್ಕೆ ಫೋಕಸ್ ಹೊಂದಿಸಿ, ಆಟೊಫೋಕಸ್ ತೆಗೆದು ಮ್ಯಾನ್ಯುಯಲ್‌ಗೆ ಬದಲಿಸಿಕೊಂಡಿದ್ದೆ.

ಉಳಿದ ದಿಕ್ಕುಗಳನ್ನು ಸೂರ್ಯಾಸ್ತಕ್ಕೆ ಮೊದಲೇ ಒಮ್ಮೆ ಸುತ್ತಿ ಬರುವುದು ಲೇಸು. ದಕ್ಷಿಣದ ಕಡೆ ಕಟ್ಟಡಗಳ ನಡುವೆ ದಟ್ಟ ಹಸಿರಾಗಿ ಕಾಣುವುದು ಮೇಯಿಜಿ ಮಂದಿರದ ವನ. 1920ರಲ್ಲಿ ಸ್ಥಾಪನೆಯಾದ ಮಂದಿರಕ್ಕೆಂದು ದೇಶದ ಎಲ್ಲೆಡೆಯಿಂದ ಬಂದ ಸುಮಾರು ಒಂದು ಲಕ್ಷ ಗಿಡಗಳನ್ನು ಜನರೇ ನೆಟ್ಟು ಬೆಳೆಸಿದ ಕಾಡು ಅದೆಂದು ತಿಳಿದ ಮೇಲೆ, ಕಪ್ಪತಗುಡ್ಡದ ನೆರೆಯವನಾದ ನಾನು ಆ ಕಿಟಕಿಯಲ್ಲಿ ಹೆಚ್ಚು ಹೊತ್ತು ನಿಂತೆ. ಪೂರ್ವದಲ್ಲಿ ಸ್ಕೈಟ್ರೀ ಕಾಣುತ್ತದೆ; ಅದರ ಮೇಲೆಯೇ ನಿಂತವರಿಗೆ ಈ ನೋಟವಂತೂ ಸಿಗದು. ಗ್ಯಾಲರಿಯ ಒಳಗೆ ಕಲಾವಿದೆ ಯಾಯೊಯಿ ಕುಸಾಮಾ ಚುಕ್ಕೆಗಳಿಂದ ಅಲಂಕರಿಸಿದ ಹಳದಿ ಪಿಯಾನೊ ಇದ್ದು, ಬಂದವರು ಸರದಿಯಂತೆ ನುಡಿಸುತ್ತಾರೆ.

ಇಳಿದ ಮೇಲೆ ನೇರ ಮೆಟ್ರೊಗೆ ಹೋಗದೆ ಕಟ್ಟಡದ ಎದುರಿನ ಬಯಲಿನಲ್ಲಿ ನಿಲ್ಲಬಹುದು. 2024ರಿಂದ ಸಂಜೆಯ ಹೊತ್ತು ಇದೇ ಕಟ್ಟಡದ ಪೂರ್ವದ ಗೋಡೆಯ ಮೇಲೆ ಬೆಳಕಿನ ಚಿತ್ರಗಳನ್ನು ಬಿಡುತ್ತಾರೆ, ಅದಕ್ಕೂ ದುಡ್ಡಿಲ್ಲ. ಗೋಡೆಯ ಪೂರ್ಣ ಎತ್ತರ ಚೌಕಟ್ಟಿನಲ್ಲಿ ಕೂರಬೇಕಾದರೆ ಬಯಲಿನ ಹಿಂದಿನ ಅಂಚಿಗೆ ಸರಿದು ಅಗಲ ಲೆನ್ಸ್ ಹಾಕಬೇಕು. ಚಳಿ ಬಹಳ, ಕೈಗವಸು ಮರೆಯಬಾರದು.